ಗೌರಿಗೆ ಕಲಿಸಿದ ನೋವು

ಅತ್ತೆ ಎರ್ರಮ್ಮ ಇಟ್ಟ ಹೆಸರನ್ನು ಸುವರ್ಣಮ್ಮ ಹಿಂದೂಪುರದಿಂದ ತವರಿಗೆ ಹೊತ್ತುಕೊಂಡೇ ಬಂದಿದ್ದಳು. ಡ್ರಾಮಾ ಕಂಪನಿ. ಸೀರೆಗಳನ್ನು ಟ್ರಂಕಿನಲ್ಲಿ ಮಡಚಿಟ್ಟಿದ್ದಾಯಿತು, ಈ ಹೆಸರನ್ನು ಮಡಚುವುದಕ್ಕೆ ಮಾತ್ರ ಆಗಿರಲಿಲ್ಲ. ಕಲ್ಯಾಣದುರ್ಗದ ತಮ್ಮನ ಮನೆಯಲ್ಲಿ ರೊಟ್ಟಿ ತಟ್ಟುವಾಗ, ಬಿಂದಿಗೆ ಬೆಳಗುವಾಗ, ಅದು ಎಲ್ಲಿಂದಲೋ ಬಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕಡ್ಡಿ ಹಾಕಿ ಕೆದಕಿದಷ್ಟೂ ಒಳಕ್ಕೆ ಹೋಗುತ್ತಿತ್ತು.

ಗಂಡ ತಿಪ್ಪೇರುದ್ರಪ್ಪನದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಮನೆಯ ಹಿಂದಿನ ಅಂಗಳದಲ್ಲಿ ಕೂಲಿ ಹೆಂಗಸರು ಸಾಲಾಗಿ ಕೂತು ಕೊಡತಿಯಿಂದ ಹುಣಸೆ ಬಡಿದು ಬೀಜ ಬೇರೆ ಮಾಡುತ್ತಿದ್ದರು. ಸೊಸೆಯೂ ಅವರ ಜೊತೆ ಕೂರಬೇಕು. ಎರ್ರಮ್ಮನ ಮನೆಯಲ್ಲಿ ಸೊಸೆಗೂ ಕೊಡತಿಗೂ ಬಿಡುವೆಂಬುದಿರಲಿಲ್ಲ. ಬಡಿಯುವಷ್ಟು ಹೊತ್ತೂ ಸುವರ್ಣಮ್ಮನಿಗೆ ಏನೂ ಆಗುತ್ತಿರಲಿಲ್ಲ. ಬಡಿದು, ಮೂಟೆ ಎಳೆದು, ನೀರು ಸೇದಿ, ಎಲ್ಲ ಮುಗಿಸಿ ಗೋಡೆಗೆ ಒರಗಿದಳೋ, ಆಗ ಬರುತ್ತಿತ್ತು. ಎದೆಯ ನಡುವೆ, ಲಿಂಗದ ಕರಡಿಗೆ ತೂಗುವ ಜಾಗದಲ್ಲಿ, ಒದ್ದೆ ಗೋಣಿಚೀಲವನ್ನು ಯಾರೋ ಹಿಂಡಿದ ಹಾಗೆ. ಅಲ್ಲಿಂದ ಭುಜಕ್ಕೆ, ದವಡೆಗೆ. ಬಂದರೆ ಬೇಗ ಬಿಡುವ ಜಾತಿಯದಲ್ಲ.

"ಕೆಲ್ಸ ಮಾಡೋವಾಗ ಬರ್ದಿರೋ ನೋವು ಕುಂತ್ಕಂಡಾಗ ಬತ್ತೈತೇನೆ?" ಎಂದು ಎರ್ರಮ್ಮ ಕೂಲಿಯವರಿಗೆಲ್ಲ ಕೇಳುವಂತೆ ಕೇಳುತ್ತಿದ್ದಳು. "ಗ್ಯಾಸು ಕಣೆ. ಶುಂಠಿ ಕಷಾಯ ಕುಡಿ, ಎದ್ದು ಬಾ."

ಕಡೆಗೆ ತಿಪ್ಪೇರುದ್ರಪ್ಪ ಅವಳನ್ನು ಬೆಂಗಳೂರಿಗೆ ಕರೆದೊಯ್ದ. ಅಲ್ಲಿ ತೊಡೆಯ ಸಂದಿಯಿಂದ ಎದೆಯವರೆಗೆ ಸಣ್ಣ ನಳಿಗೆ ತೂರಿಸಿ, ಬಣ್ಣ ಬಿಟ್ಟು, ರಕ್ತ ಹರಿಯುವುದನ್ನು ಟಿ.ವಿ.ಯಲ್ಲಿ ನೋಡಿದರು. ರಕ್ತನಾಳಗಳಲ್ಲಿ ಎಲ್ಲೂ ಅಡ್ಡಿಯಿಲ್ಲ, ನಾರ್ಮಲ್ ಎಂದರು. ಊರಿಗೆ ಬರುವವರು ಸಿಹಿ ಪೊಟ್ಟಣ ತರುವ ಹಾಗೆ ತಿಪ್ಪೇರುದ್ರಪ್ಪ ಆ 'ನಾರ್ಮಲ್' ಎಂಬ ಪದವನ್ನು ತಂದು ತಾಯಿಯ ಕೈಗಿಟ್ಟ. ಎರ್ರಮ್ಮ ಅದನ್ನು ಬೀದಿಗೆಲ್ಲ ಹಂಚಿದಳು. ಮುಂದಿನ ಸಲ ಸುವರ್ಣಮ್ಮ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಮೂಲೆಯಲ್ಲಿ ಕೂತಾಗ, ಅತ್ತೆ ಅವಳ ಟ್ರಂಕನ್ನು ಹೊಸಲಿನ ಆಚೆ ಇಡಿಸಿದಳು.

"ನಮ್ಮೂರಾಗೆ ನಿನ್ನ ಆಟ ನೋಡಿ ನೋಡಿ ಸಾಕಾಗೈತೆ. ನಿಮ್ಮೂರಾಗೆ ಟೆಂಟು ಹಾಕು ಹೋಗು, ಡ್ರಾಮಾ ಕಂಪನಿ."

ತಿಪ್ಪೇರುದ್ರಪ್ಪ ಆಗ ಮಂಡಿಯ ಬಾಗಿಲಲ್ಲಿ ಬೀಡಾ ಅಗಿಯುತ್ತ ನಿಂತಿದ್ದ. ಅಗಿಯುವುದನ್ನು ನಿಲ್ಲಿಸಲೂ ಇಲ್ಲ.

ತವರಿಗೆ ಬಂದ ಮೇಲೆ ತಮ್ಮ ಕೊಟ್ಟೂರಪ್ಪ ಅವಳನ್ನು ಅನಂತಪುರದ ಒಬ್ಬ ಲೇಡಿ ಡಾಕ್ಟರ ಬಳಿ ಕರೆದೊಯ್ದ. ಆ ಡಾಕ್ಟರು ಅವಳ ಎದೆಗೆ ತಂತಿಗಳನ್ನು ಅಂಟಿಸಿ, ಓಡುವ ಪಟ್ಟಿಯ ಮೇಲೆ ನಡೆಸಿ, ಇಳಿಸಿ ಕೂರಿಸಿ, ಕೂತ ಮೇಲೂ ಬಹಳ ಹೊತ್ತು ಗೀಟುಗಳನ್ನು ನೋಡುತ್ತ ನಿಂತರು. ಆಮೇಲೆ ತೆಲುಗಿನಲ್ಲಿ ಹೇಳಿದರು: "ಬೆಂಗಳೂರಿನವರು ಸುಳ್ಳು ಹೇಳಿಲ್ಲಮ್ಮ. ಕೆರೆಯ ದೊಡ್ಡ ಕಾಲುವೆ ಚೆನ್ನಾಗಿದೆ ಅಂದರು, ಚೆನ್ನಾಗೇ ಇದೆ. ಆದರೆ ಮಡಿಯೊಳಕ್ಕೆ ನೀರು ಹೋಗುವ ಸಣ್ಣ ಸಣ್ಣ ಕಾಲುವೆಗಳಿರ್ತಾವಲ್ಲ, ಅವು ಮುದುರಿಕೊಳ್ತಿವೆ. ಅವು ಆ ಟಿ.ವಿ.ಯಲ್ಲಿ ಕಾಣೋದಿಲ್ಲ. ಗುಂಡಿಗೆಯ ಮಾಂಸ ನೀರಿಲ್ಲದ ಪೈರಿನ ಹಾಗೆ ಒದ್ದಾಡುತ್ತೆ. ನೋವು ನಿಜ."

"ಇದರ ಹೆಸರೇನಮ್ಮಾ?"

"ಇನ್ನೂ ಸರಿಯಾದ ಹೆಸರಿಟ್ಟಿಲ್ಲ. ಎಕ್ಸ್ ಅಂತ ಕರೀತೀವಿ. ಲೆಕ್ಕದಲ್ಲಿ ಗೊತ್ತಿಲ್ಲದ್ದಕ್ಕೆ ಇಡ್ತಾರಲ್ಲ, ಹಾಗೆ."

ಬೆಳಿಗ್ಗೆ ಸಂಜೆ ನುಂಗಲು ಮಾತ್ರೆ, ನೋವು ಬಂದಾಗ ನಾಲಗೆಯ ಕೆಳಗಿಡಲು ಸಣ್ಣದೊಂದು ಮಾತ್ರೆ, ದಿನವೂ ನಿಧಾನವಾಗಿ ಒಂದಷ್ಟು ನಡಿಗೆ. ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಲಿಲ್ಲ, ಹತೋಟಿಗೆ ಬರುತ್ತದೆ ಎಂದರು. ಬಂತು ಕೂಡ. ಮೊದಲಿನ ಅರ್ಧದಷ್ಟಾಯಿತು.

ನೋವು ನಿಜವೆಂದು ಗೊತ್ತಾದ ಮೇಲೆ ಸುವರ್ಣಮ್ಮನಿಗೆ ಸಮಾಧಾನ ಆಗಬೇಕಿತ್ತು. ಆದದ್ದು ಸಿಟ್ಟು. ತಾನೇ ಎಲ್ಲೋ ಸುಳ್ಳು ಹೇಳುತ್ತಿದ್ದೇನೇನೋ ಎಂದು ಅಂಗಳದ ಮೂಲೆಯಲ್ಲಿ ಕೂತು ತನ್ನನ್ನೇ ಅನುಮಾನಿಸಿದ ಸಂಜೆಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಮಾತ್ರೆಗಳು ಎದೆಯಲ್ಲಿ ಖಾಲಿ ಮಾಡಿಕೊಟ್ಟ ಜಾಗದಲ್ಲೆಲ್ಲ ಎರ್ರಮ್ಮ ಕಾಲು ಚಾಚಿ ಕೂತಳು. ಹಿಂದೂಪುರಕ್ಕೆ ಹೋಗಿ ಡಾಕ್ಟರು ಹಿಂಗಂದ್ರು ಎಂದು ಹೇಳಿದರೆ ಪ್ರಯೋಜನವಿಲ್ಲ. 'ಅನಂತಪುರದ ಡಾಕ್ಟ್ರಿಗೂ ಮೇಕಪ್ ಹಾಕ್ಸಿದ್ಲು' ಎನ್ನುತ್ತಾಳೆ ಮುದುಕಿ. ಅವಳಿಗೆ ತಿಳಿಯ ಹೇಳುವುದು ಸುವರ್ಣಮ್ಮನಿಗೆ ಬೇಕಿರಲಿಲ್ಲ. ಆ ಹೆಸರನ್ನು ಅವಳದೇ ಬಾಯಿಗೆ ತುರುಕಬೇಕಿತ್ತು, ಅದೇ ಅಂಗಳದಲ್ಲಿ, ಅದೇ ಹೆಂಗಸರ ಎದುರಿಗೆ.

ದಾರಿ ಮನೆಯೊಳಗೇ ಇತ್ತು. ಸುವರ್ಣಮ್ಮನದು ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ, ತೆಲುಗಿನವರು ಕುಂಡಮಾರ್ಪು ಎನ್ನುವುದು ಅದಕ್ಕೇ. ಸುವರ್ಣಮ್ಮ ಹಿಂದೂಪುರಕ್ಕೆ ಹೋದ ಚಪ್ಪರದಲ್ಲೇ ತಿಪ್ಪೇರುದ್ರಪ್ಪನ ತಂಗಿ ಮಂಗಳಗೌರಿ ಕಲ್ಯಾಣದುರ್ಗಕ್ಕೆ, ಕೊಟ್ಟೂರಪ್ಪನ ಹೆಂಡತಿಯಾಗಿ ಬಂದಿದ್ದಳು. ಅಲ್ಲಿ ಇವಳಿಗೆ ಬಳೆ ತೊಡಿಸಿದರೆ ಇಲ್ಲಿ ಅವಳಿಗೂ ತೊಡಿಸಬೇಕು. ಅಲ್ಲಿ ಇವಳ ಟ್ರಂಕು ಹೊಸಲು ದಾಟಿದರೆ?

ಕೊಟ್ಟೂರಪ್ಪ ಅದನ್ನು ಒಂದು ದಿನ ಊಟದ ನಡುವೆ ಗೋಡೆಯ ಕಡೆ ನೋಡಿಕೊಂಡು ಹೇಳಿದ. "ನಮ್ಮ ಹೆಣ್ಣು ಬಂದು ಇಲ್ಲಿ ಕುಂತೈತೆ. ಅವರ ಹೆಣ್ಣು ಇಲ್ಲಿರೋದು ಯಾವ ನ್ಯಾಯ ಅಕ್ಕಯ್ಯ? ಸೋಮವಾರ ಬಿಟ್ಟು ಬತ್ತೀನಿ. ಜನ ಮಕಕ್ಕೆ ಉಗೀತಾವ್ರೆ."

ಒಲೆಯ ಮುಂದಿದ್ದ ಗೌರಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ನಾನೇನು ಮಂಡಿ ಮೂಟೆನಾ, ಮಾಲು ಸರಿಯಾಗಿಲ್ಲ ಅಂತ ವಾಪಸ್ ಹಾಕಾಕೆ? ನನ್ನ ಕಡೆ ತಿರುಗ್ಕಂಡು ಹೇಳಿ ನೋಡಾನ."

ಅವನು ತಿರುಗಲಿಲ್ಲ. ಅನ್ನ ಬಿಟ್ಟು ಎದ್ದು ಹೋದ. ಹೆಂಡತಿಯನ್ನು ಕಂಡರೆ ಅವನಿಗೆ ಪ್ರಾಣ ಎಂಬುದು ಬೀದಿಗೇ ಗೊತ್ತಿತ್ತು.

ಗೌರಿ ಸುವರ್ಣಮ್ಮನ ಮುಂದೆ ಕೂತಳು. "ಅತ್ತಿಗೇ, ನೀವೊಂದು ಮಾತು ಹೇಳಿದ್ರೆ ಅವ್ರು ನಿಂತ್ಕಂತಾರೆ."

"ಹೇಳ್ತೀನಿ. ಪುಕ್ಸಟ್ಟೆ ಅಲ್ಲ."

"ಏನ್ಬೇಕು?"

"ಹಿಂದೂಪುರಕ್ಕೆ ನಾನೂ ನೀನೂ ಹೋಗಾನ. ನಿಮ್ಮಮ್ಮನ ಮುಂದೆ ನೀನು ಎದೆ ಹಿಡ್ಕಂಡು ಕುಂತ್ಕಬೇಕು. ನನ್ನಂಗೆ."

ಗೌರಿ ನಕ್ಕಳು. ಅತ್ತಿಗೆಯ ಮುಖ ನೋಡಿ ನಗು ಅಲ್ಲೇ ನಿಂತಿತು. "ನಮ್ಮಮ್ಮ ನಂಬಾಕಿಲ್ಲ ಅತ್ತಿಗೆ. ನಿಮ್ಮ ನಿಜಾನೇ ನಂಬ್ಲಿಲ್ಲ, ನನ್ನ ಸುಳ್ಳು ನಂಬ್ತಾಳಾ?"

"ಅದೇ ನಾನು ನೋಡ್ಬೇಕು."

ನಂಬದಿದ್ದರೆ ಹೆತ್ತ ಮಗಳೇ ಡ್ರಾಮಾ ಕಂಪನಿ. ನಂಬಿದರೆ ಸೊಸೆಯನ್ನು ಇಷ್ಟು ವರ್ಷ ಯಾವ ಕಣ್ಣಲ್ಲಿ ನೋಡಿದಳೆಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಈ ಗೋಡೆ ಯಾವ ಕಡೆ ಬಿದ್ದರೂ ಎರ್ರಮ್ಮನ ಮೇಲೇ ಬೀಳಬೇಕು.

ಕಡಲೆಕಾಯಿ ಮೂಟೆಗಳ ಕೋಣೆಯಲ್ಲಿ ಪಾಠ ಶುರುವಾಯಿತು. ಗೌರಿ ಮೊದಲು ಒಂದು ಬೆರಳಿಂದ ಎದೆ ತೋರಿಸಿ, ಕಣ್ಣು ಮೇಲೆ ಮಾಡಿ, "ಅಬ್ಬಾ! ಇಲ್ಲಿ, ಇಲ್ಲೇ!" ಎಂದಳು.

"ಬೆರಳು ತೆಗಿ," ಎಂದಳು ಸುವರ್ಣಮ್ಮ. "ಒಂದು ಬೆರಳಿಗೆ ಸಿಕ್ಕೋ ನೋವಲ್ಲ ಇದು. ಎಲ್ಲೈತೆ ಅಂತ ನಿನಗೇ ಗೊತ್ತಾಗಬಾರ್ದು. ಅಂಗೈ ಪೂರ್ತಿ ಇಡು. ಒತ್ತಬ್ಯಾಡ. ಮಲಗಿರೋ ಕೂಸಿನ ಮ್ಯಾಲೆ ಇಟ್ಟಂಗೆ."

"ಆಮ್ಯಾಲೆ ಬಿದ್ದೋಗ್ಲಾ?"

"ಬೀಳಬ್ಯಾಡ. ಒಂದಿನನಾದ್ರೂ ನಾನು ಬಿದ್ದಿದ್ನಾ? ಉಸಿರು ಅರ್ಧಕ್ಕೆ ನಿಲ್ಸು. ಅಲ್ಲಾಡಬ್ಯಾಡ. ಯಾರಾನ ಏನಾಯ್ತು ಅಂದ್ರೆ ಏನಿಲ್ಲ ಅನ್ನು."

"ಏನಿಲ್ಲ ಅಂದ್ರೆ ಯಾರಿಗೆ ಗೊತ್ತಾಯ್ತದೆ ಅತ್ತಿಗೆ?"

ಸುವರ್ಣಮ್ಮ ಅವಳ ಅಂಗೈಯನ್ನು ಮತ್ತೆ ಎದೆಯ ಮೇಲಿಟ್ಟಳು. "ಇನ್ನೊಂದ್ಸಲ ಮಾಡು," ಎಂದಳು.

ದಿನವೂ ಮಾಡಿಸಿದಳು. ದವಡೆ ಹೇಗೆ ಬಿಗಿಯುತ್ತದೆ, ತುಟಿಯ ಮೇಲೆ ಬೆವರು ಬಂದಾಗ ಸೆರಗು ಹೇಗೆ ತಾನಾಗಿ ಅಲ್ಲಿಗೆ ಹೋಗುತ್ತದೆ, ಪಕ್ಕದಲ್ಲಿ ಯಾರಾದರೂ ನಕ್ಕರೆ ಆ ನಗು ಎಷ್ಟು ದೂರದಿಂದ ಕೇಳುತ್ತದೆ ಎಲ್ಲವನ್ನೂ ಹೇಳಿಕೊಟ್ಟಳು. ತನ್ನ ನೋವನ್ನು ಯಾರಿಗೂ ಇಷ್ಟು ವಿವರವಾಗಿ ಅವಳು ಹೇಳಿರಲಿಲ್ಲ. ಯಾರೂ ಇಷ್ಟು ಗಮನ ಕೊಟ್ಟು ಕೇಳಿಯೂ ಇರಲಿಲ್ಲ. ಒಂದು ಸಂಜೆ ಗೌರಿ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ಎಷ್ಟು ಸರಿಯಾಗಿ ಸುಮ್ಮನಾದಳೆಂದರೆ ಸುವರ್ಣಮ್ಮನ ಕೈ ಗಾಬರಿಯಿಂದ ಸೊಂಟದ ಚೀಲದ ಕಡೆ, ಮಾತ್ರೆಗೆ, ಹೋಯಿತು.

"ಕಲಿತ್ಬುಟ್ಟೆ," ಎಂದು ಗೌರಿ ಕಣ್ಣು ಬಿಟ್ಟಳು. ನಗಲಿಲ್ಲ. "ಇದನ್ನ ಮಡಿಕ್ಕಂಡು ಹುಣಸೆ ಬಡೀತಿದ್ರಾ?"

ಮಾಡಬೇಕಾದ್ದೆಲ್ಲ ಮಾಡಿಯಾಗಿತ್ತು. ಸೋಮವಾರ, ಗೌರಿಯನ್ನು ತಾನೇ ಕರೆದೊಯ್ಯುತ್ತೇನೆಂದು ಹೇಳಿ ಕೊಟ್ಟೂರಪ್ಪನನ್ನು ಅವನ ಅಂಗಡಿಗೆ ಕಳಿಸಿ ಇಬ್ಬರೂ ಬಸ್ಸು ಹತ್ತಿದರು. ಪೆನುಕೊಂಡದಲ್ಲಿ ಇಳಿದು ಬಸ್ಸು ಬದಲಿಸುವಾಗ ಕೋಟೆಯ ಗುಡ್ಡ ಬಿಸಿಲಿಗೆ ಕಾದಿತ್ತು. ಗೌರಿ ಸೋಡಾ ಕುಡಿದಳು. ಸುವರ್ಣಮ್ಮ ಸೊಂಟದ ಚೀಲದಲ್ಲಿ ಮಾತ್ರೆ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.

ಹಿಂದೂಪುರದ ಆ ಅಂಗಳ ಹೇಗಿತ್ತೋ ಹಾಗೇ ಇತ್ತು. ಹುಳಿ ವಾಸನೆ, ಕೊಡತಿಗಳ ಸದ್ದು, ಸಾಲಿನ ತುದಿಯಲ್ಲಿ ಎಲ್ಲರಿಗಿಂತ ಹಳಬಳಾದ ನರಸಕ್ಕ. ಎರ್ರಮ್ಮ ಜಗಲಿಯ ಮೇಲೆ ಕೂತು ಬೀಜ ಆಯುತ್ತಿದ್ದಳು. ಮಗಳನ್ನು ಕಂಡು ಮುಖ ಅರಳಿತು, ಅವಳ ಹಿಂದಿದ್ದವಳನ್ನು ಕಂಡು ಮುದುಡಿತು.

"ಏನೇ ಗೌರಿ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ! ಬಾ ತಾಯಿ, ಕುಂತ್ಕ. ಬಿಸಿಲಾಗೆ ಕರ್ರಗಾಗಿದೀಯ." ಆಮೇಲೆ ಸುವರ್ಣಮ್ಮನ ಕಡೆ ಗದ್ದ ಎತ್ತಿದಳು. "ಕಂಪನಿನೂ ಬಂದೈತಾ? ಕಲ್ಯಾಣದುರ್ಗದಾಗೆ ಟಿಕೀಟು ಹೋಗ್ಲಿಲ್ವಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂಡಿಯ ಬಾಗಿಲಿನಿಂದ ತಿಪ್ಪೇರುದ್ರಪ್ಪ ಇಣುಕಿ ನೋಡಿದ. ಸುವರ್ಣಮ್ಮ ಹುಣಸೆ ಮೂಟೆಯೊಂದರ ಪಕ್ಕ ನಿಂತು ಕಾದಳು.

ಗೌರಿ ಜಗಲಿಯ ಮೇಲೆ ಕೂತಳು. ನೀರು ಕುಡಿದಳು. ಅಂಗೈಯನ್ನು ಎದೆಯ ಮೇಲಿಟ್ಟಳು, ಕಲಿಸಿದ ಹಾಗೇ, ಮೆತ್ತಗೆ. ಉಸಿರನ್ನು ಅರ್ಧಕ್ಕೆ ನಿಲ್ಲಿಸಿದಳು. ದವಡೆ ಬಿಗಿಯಿತು. ಎಳ್ಳಷ್ಟೂ ತಪ್ಪಿರಲಿಲ್ಲ. ಎರ್ರಮ್ಮ ಅವಳ ಪಕ್ಕದಲ್ಲೇ ಕೂತು ಯಾರದೋ ಮದುವೆಯ ಮಾತಾಡುತ್ತಲೇ ಇದ್ದಳು. ಹೆತ್ತ ಮಗಳ ಮುಖ ಮೊಳದಷ್ಟು ದೂರದಲ್ಲಿತ್ತು, ಮುದುಕಿಗೆ ಕಾಣಲೇ ಇಲ್ಲ.

ಗೌರಿ ಓರೆಗಣ್ಣಿನಲ್ಲಿ ಅತ್ತಿಗೆಯನ್ನು ನೋಡಿದಳು. ನೋವು ಇರುವ ಹಾಗೇ ಇದ್ದರೆ ಯಾರಿಗೂ ಕಾಣುವುದಿಲ್ಲ. ಈ ಹುಡುಗಿ ಆವತ್ತು ಕೇಳಿದ್ದು ಸರಿಯಾಗಿತ್ತು.

ಗೌರಿಗೂ ಅದೇ ಹೊಳೆದಿರಬೇಕು. ಒಂದೇ ಏಟಿಗೆ ಪಾಠವನ್ನೆಲ್ಲ ಗಾಳಿಗೆ ತೂರಿ, "ಅಮ್ಮಾ!" ಎಂದು ಕಿರುಚಿ, ಎರಡೂ ಕೈಯಲ್ಲಿ ಎದೆ ಬಡಿದುಕೊಂಡು, ಚೊಂಬನ್ನು ಒದ್ದು, ಜಗಲಿಯಿಂದ ಹುಣಸೆಯ ರಾಶಿಯ ಮೇಲೆ ಉರುಳಿದಳು. ಕಾಲು ಒದರಿದಳು. ಕಣ್ಣು ತೇಲಿಸಿದಳು. ಟೂರಿಂಗ್ ಟಾಕೀಸಿನಲ್ಲಿ ಕೂಡ ಯಾವ ಹೀರೋಯಿನ್ನೂ ಹಾಗೆ ಸತ್ತಿರಲಿಕ್ಕಿಲ್ಲ. ನಾಚಿಕೆಗೆ ಸುವರ್ಣಮ್ಮ ಮುಖ ಆಚೆ ತಿರುಗಿಸಿದಳು. ಎಲ್ಲ ಹಾಳಾಯಿತು ಎಂದುಕೊಂಡಳು.

ಎರ್ರಮ್ಮನ ಕೂಗಿಗೆ ಮತ್ತೆ ಈಚೆ ತಿರುಗಿದಳು.

"ಅಯ್ಯೋ ದೇವುಡಾ! ನನ್ನ ಮಗಳು! ಲೇ ರುದ್ರಾ, ಕಾರು ತರ್ಸ್ಲಾ! ಎದೆ ಕಣ್ಲಾ, ಎದೆ! ಬೆಂಗಳೂರಿಗೆ ಹೋಗಾನ, ದೊಡ್ಡ ಡಾಕ್ಟ್ರ ತಾವ!" ಬೀಜದ ಮೊರ ಚೆಲ್ಲಿ, ಬರಿಗಾಲಲ್ಲಿ ರಾಶಿಯ ಮೇಲೆ ಓಡಿ, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಅಂಗಾಲು ಉಜ್ಜಿರೆಂದು ಮುದುಕಿ ಕೂಲಿಯವರನ್ನು ಬೈಯತೊಡಗಿದಳು. ತಿಪ್ಪೇರುದ್ರಪ್ಪ ಬೀಡಾ ಉಗಿದು ಟ್ಯಾಕ್ಸಿಗೆಂದು ಓಡಲು ಹೊರಟ. ಕೊಡತಿಗಳೆಲ್ಲ ನಿಂತವು.

ಸುವರ್ಣಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಈ ಮಾತುಗಳನ್ನು ಅವಳು ಬಸ್ಸಿನಲ್ಲಿ ನುಣ್ಣಗೆ ತಿಕ್ಕಿಟ್ಟುಕೊಂಡಿದ್ದಳು.

"ಗ್ಯಾಸು ಇರ್ಬೇಕು ಅತ್ತೆ. ಶುಂಠಿ ಕಷಾಯ ಕುಡ್ಸಿ, ಎದ್ದು ಕುಂತ್ಕಂತಾಳೆ."

"ಬಾಯಿ ಮುಚ್ಚೇ!"

"ಬಸ್ಸಿನಾಗೆ ಬರೋವಾಗ ಬರ್ದಿರೋ ನೋವು ಜಗಲಿ ಮ್ಯಾಲೆ ಕುಂತ್ಕಂಡಾಗ ಬತ್ತೈತಾ? ಡ್ರಾಮಾ ಆಡ್ತಾವ್ಳೆ."

ಎರ್ರಮ್ಮ ತಲೆ ಎತ್ತಿದಳು. ಕೆನ್ನೆಯ ಮೇಲೆ ನೀರು, ಕಣ್ಣಲ್ಲಿ ಬೆಂಕಿ. "ನನ್ನ ಮಗಳು ನಿನ್ನಂಗಲ್ಲ ಕಣೆ! ನಿಜವಾದ ನೋವು ಯಾವುದು, ನಾಟಕ ಯಾವುದು ಅಂತ ನನ್ನ ಕಣ್ಣಿಗೆ ಗೊತ್ತಾಗಲ್ವಾ? ಹತ್ತು ಜನ ನೋಡ್ತಾವ್ರೆ, ಕೇಳು ಅವರನ್ನ!"

ಸುವರ್ಣಮ್ಮ ಕೇಳಲಿಲ್ಲ. ಆ ಮಾತು ಅಂಗಳದಲ್ಲಿ ಎಲ್ಲರಿಗೂ ತಲುಪಲೆಂದು ಸ್ವಲ್ಪ ಹೊತ್ತು ಬಿಟ್ಟಳು. ನರಸಕ್ಕನಿಗೆ ತಲುಪಿತು, ಬಾಗಿಲಲ್ಲೇ ನಿಂತುಬಿಟ್ಟಿದ್ದ ಗಂಡನಿಗೂ ತಲುಪಿತು.

"ಆಯ್ತು ಗೌರಿ," ಎಂದಳು. "ಎದ್ದೇಳು."

ಗೌರಿ ಕಣ್ಣು ಬಿಟ್ಟಳು. ತಾಯಿಯ ತೊಡೆಯಿಂದ ತಲೆ ಎತ್ತಿ, ಎದ್ದು ನಿಂತು, ಸೀರೆಗೆ ಅಂಟಿದ ಹುಣಸೆಯನ್ನು ಬಿಡಿಸಿಕೊಳ್ಳತೊಡಗಿದಳು. "ಏನೂ ಆಗಿಲ್ಲಮ್ಮ ನಂಗೆ. ಚೆನ್ನಾಗಿದೀನಿ. ನಾರ್ಮಲ್ಲು."

ಎರ್ರಮ್ಮನ ಕೈಗಳು ಮಗಳ ತಲೆ ಇದ್ದ ಜಾಗದಲ್ಲೇ ಗಾಳಿಯನ್ನು ಹಿಡಿದುಕೊಂಡು ನಿಂತಿದ್ದವು. ನರಸಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಏನಮ್ಮಾ, ಕಂಪನಿಗೆ ಹೊಸಬರು ಸೇರ್ಕಂಡವ್ರಾ?" ಎಂದು ಸಾಲಿನಿಂದ ಒಬ್ಬಳು ಕೇಳಿಯೇ ಬಿಟ್ಟಳು. ಈ ಸಲದ ನಗು ಎರ್ರಮ್ಮನ ಮೇಲೆ ಬಿತ್ತು.

ಸುವರ್ಣಮ್ಮ ಅದನ್ನು ಕುಡಿದಳು. ಬಾಯಾರಿದವಳಂತೆ, ತೊಟ್ಟೂ ಬಿಡದೆ. ಕುಡಿದ ಹಾಗೆಲ್ಲ ಒಳಗೆ ಏನೋ ಬಿಗಿಯತೊಡಗಿತು. ಗೋಣಿಚೀಲ. ಹಿಂಡುವ ಕೈ. ಎಲ್ಲ ಮುಗಿದ ಮೇಲೆಯೇ ಬರುವ ಅದರ ಹಳೆಯ ಚಾಳಿ. ಅವಳು ಮೆಲ್ಲಗೆ ಮೂಟೆಯ ಮೇಲೆ ಕೂತಳು. ಅಂಗೈ ತಾನಾಗಿ ಎದೆಗೆ ಹೋಯಿತು. ನಗು ಬಹಳ ದೂರಕ್ಕೆ, ಬಾವಿಯ ತಳಕ್ಕೆ ಹೋಯಿತು.

ಯಾರೂ ಅವಳ ಕಡೆ ನೋಡಲಿಲ್ಲ. ಗೌರಿಯೊಬ್ಬಳು ಸೀರೆ ಝಾಡಿಸುವುದನ್ನು ಬಿಟ್ಟು ನಿಂತಳು. ಅಂಗೈ ನೋಡಿದಳು, ದವಡೆ ನೋಡಿದಳು, ತುಟಿಗೆ ಹೋದ ಸೆರಗು ನೋಡಿದಳು. ಒಂದೇ ನೆಗೆತಕ್ಕೆ ಬಂದು ಮಂಡಿಯೂರಿ, ಅತ್ತಿಗೆಯ ಸೊಂಟದ ಚೀಲ ಬಿಚ್ಚಿ, ಮಾತ್ರೆ ತೆಗೆದು ಅವಳ ನಾಲಗೆಯ ಕೆಳಗಿಟ್ಟಳು.

"ಏನಾಯ್ತೇ?" ಎಂದ ತಿಪ್ಪೇರುದ್ರಪ್ಪ.

"ಏನಿಲ್ಲ," ಎಂದಳು ಸುವರ್ಣಮ್ಮ, ಮಾತ್ರೆಯ ಸುತ್ತ ನಾಲಗೆ ತೊದಲುತ್ತ.

"ಅತ್ತಿಗೇದು ನಿಜ ಕಣಣ್ಣ," ಎಂದಳು ಗೌರಿ. "ನಿಜವಾದ್ದು ಹಿಂಗಿರ್ತೈತೆ. ನೋಡ್ಕ."

ಎರ್ರಮ್ಮ ಹುಣಸೆಯ ರಾಶಿಯ ಮೇಲೆ ಕೂತಲ್ಲಿಂದಲೇ ಸೊಸೆಯನ್ನು ನೋಡಿದಳು, ಮಗಳನ್ನು ನೋಡಿದಳು, ಮತ್ತೆ ಸೊಸೆಯನ್ನು ನೋಡಿದಳು. 'ಡ್ರಾ' ಎಂದು ತುಟಿ ಒಡೆದು, ಮುಂದಕ್ಕೆ ಹೋಗಲಾರದೆ ಮುಚ್ಚಿಕೊಂಡಿತು. ಆ ಅರ್ಧ ಮಾತಿಗೆ ಸುವರ್ಣಮ್ಮ ಅನಂತಪುರದ ಎಲ್ಲ ಮಾತ್ರೆಗಳನ್ನೂ ಕೊಟ್ಟುಬಿಡುತ್ತಿದ್ದಳು.

ಬಿಗಿತ ಪೂರ್ತಿ ಬಿಡಲಿಲ್ಲ, ನಡೆಯುವಷ್ಟು ಸಡಿಲವಾಯಿತು. ತಿಪ್ಪೇರುದ್ರಪ್ಪ ಬಂದು ಪಕ್ಕದಲ್ಲಿ ನಿಂತ. "ಒಳಕ್ಕೆ ಬಾ. ಮಲಕ್ಕ ಒಂದಷ್ಟು ಹೊತ್ತು. ಆಗಿದ್ದು ಆಗೋಯ್ತು."

"ನಂಬಿಕೆ ಬಂದೋರ ಮನೆಯಾಗೆ ಮಲಗ್ತೀನಿ," ಎಂದು ಅವಳು ಎದ್ದಳು. "ಈಗ ಗೌರಿ ಇರೋ ಕಡೆ ಹೋಯ್ತೀನಿ. ನಿಮಗೆ ದಾರಿ ಗೊತ್ತೈತೆ."

ಗೌರಿ ಆಗಲೇ ಹೊಸಲು ದಾಟಿದ್ದಳು. ಎರ್ರಮ್ಮನಿಗೆ ಆಗ ಎಚ್ಚರ ಬಂದಂತಾಯಿತು. ಸೊಸೆಯನ್ನು ಕಳಿಸಿದ ಬಾಗಿಲಲ್ಲೇ ಮಗಳೂ ಹೋಗುತ್ತಿದ್ದಾಳೆ, ಯಾರೂ ಕಳಿಸದೆ, ತಾನಾಗಿ.

"ಗೌರೀ! ಹೋಗ್ಬ್ಯಾಡ ಕಣೆ! ನಂಗೆ ಇಲ್ಲಿ ಹಿಡ್ಕಂಡಂಗಾಯ್ತೈತೆ. ಇಲ್ಲಿ, ಎದೆಯಾಗೆ!"

ಇಬ್ಬರೂ ತಿರುಗಿದರು. ಮುದುಕಿ ರಾಶಿಯ ಮೇಲೆ ಬಾಗಿ ಕೂತು ಎದೆಯನ್ನು ತೋರಿಸುತ್ತಿದ್ದಳು. ಒಂದು ಬೆರಳಿಂದ.

ಅಂಗಳವೆಲ್ಲ ಸುವರ್ಣಮ್ಮನ ಮುಖ ನೋಡಿತು. ತೀರ್ಪು ಹೇಳುವುದು ಈಗ ಅವಳ ಕೆಲಸವಾಗಿತ್ತು. ಅವಳು ಗಂಡನ ಕಡೆ ತಿರುಗಿ ತಣ್ಣಗೆ ಹೇಳಿದಳು: "ಬೆಂಗಳೂರಿಗೆ ಕರ್ಕಂಡೋಗಿ ತೋರ್ಸಿ. ನಾರ್ಮಲ್ ಅಂದ್ರೆ ನನ್ನ ತಾವ ಕಳ್ಸಿ. ಅದನ್ನ ಮಡಿಕ್ಕಂಡು ಹೆಂಗೆ ಬದುಕ್ಬೇಕು ಅಂತ ಹೇಳ್ಕೊಡ್ತೀನಿ."

ಬಸ್ಸಿನಲ್ಲಿ ಗೌರಿ ಕಿಟಕಿಯ ಪಕ್ಕ ಕೂತು ಉಗುರಿನ ಸಂದಿಯ ಹುಣಸೆ ನೆಕ್ಕಿದಳು. ಆಮೇಲೆ, "ಒಂದೇ ಬೆರಳು ಅಲ್ವಾ ಅತ್ತಿಗೆ?" ಎಂದಳು.

"ಹೂಂ. ಒಂದೇ ಬೆರಳು."

"ನೀವೂ ನೋಡಿದ್ರಿ ತಾನೇ?"

"ನೋಡ್ದೆ."

ಬಸ್ಸು ಊರಿನ ಕೊನೆಯ ಮಂಡಿಗಳನ್ನು ದಾಟಿತು. ಸುವರ್ಣಮ್ಮ ನಾಲಗೆಯ ಕೆಳಗೆ ಉಳಿದಿದ್ದ ರುಚಿಯನ್ನು ನುಂಗಿ ಕಣ್ಣು ಮುಚ್ಚಿದಳು. ಬೆರಳು ಕಂಡಿತು. ಆದರೆ ತಾನು ಮಾತು ಮುಗಿಸಿ ಬೆನ್ನು ತಿರುಗಿಸುವ ಹೊತ್ತಿಗೆ ಆ ಬೆರಳಿನ ಪಕ್ಕದಲ್ಲಿ ಉಳಿದವೂ ಒಂದೊಂದಾಗಿ ಬಿಚ್ಚಿಕೊಂಡು, ಅಂಗೈ ಪೂರ್ತಿ, ಮಲಗಿರುವ ಕೂಸಿನ ಮೇಲೆ ಇಟ್ಟಂತೆ, ಎದೆಯ ಮೇಲೆ ಇಳಿಯುತ್ತಿತ್ತೇ? ನೆನಪು ಮಾಡಿಕೊಳ್ಳಲು ನೋಡಿದಳು. ಗೊತ್ತಾಗಲಿಲ್ಲ.

ಕಂಡಕ್ಟರ್ ಮುಂದೆ ಬಂದು ಎಲ್ಲಿಗೆ ಎಂದ. ಸುವರ್ಣಮ್ಮ ಒಮ್ಮೆ ಹಿಂದಕ್ಕೆ, ಹಿಂದೂಪುರದ ಕಡೆ, ತಿರುಗಿ ನೋಡಿದಳು.

"ಪೆನುಕೊಂಡ, ಎರಡು," ಎಂದಳು.